ಕುರಾನ್ ಹಸ್ತಪ್ರತಿಗಳ ಸ್ವರ್ಣಾಲಂಕಾರ

೧

ಅಲಂಕಾರವೆಂಬ ಶಬ್ದವನ್ನು ಕೇಳಿದೊಡನೆ ಸಾಹಿತ್ಯಾಭ್ಯಾಸಿಗಳ ಮನಸ್ಸಿಗೆ ಹಾರ, ಕಟಕ, ಕುಂಡಲಗಳ ದೃಷ್ಟಾಂತವು ಹೊಳೆಯುವುದು ಸಹಜ. ಮೈಯ ಮೇಲೆ ತೊಟ್ಟ ಒಡವೆಯನ್ನು ತೆಗೆದಿರಿಸಿದರೂ ಮೈಗೆ ಕೊರತೆಯಿಲ್ಲದಿರುವಂತೆ, ಅಲಂಕಾರವನ್ನು ತೆಗೆದರೂ ಕಾವ್ಯವು ನಿಲ್ಲುವುದೆಂದು ಮಮ್ಮಟನೇ ಮೊದಲಾದವರ ಮತ. ಭಾಮಹ, ದಂಡಿ, ವಾಮನರು ಹೀಗೆ ನೆನೆದವರಲ್ಲ. ಅವರ ಗ್ರಂಥಗಳಲ್ಲಿ ಅಲಂಕಾರಕ್ಕೂ ಕಾವ್ಯಶರೀರಕ್ಕೂ ಇರುವ ನಂಟು ಇನ್ನೂ ಹತ್ತಿರದ್ದು. ಶಬ್ದದ ವ್ಯುತ್ಪತ್ತಿಯನ್ನು ನೋಡಿದರೂ 'ಅಲಂ' ಎಂದರೆ ಸಾಕಾಗುವಿಕೆ, ಸಮರ್ಥವಾಗುವಿಕೆ. ಒಂದು ವಸ್ತುವನ್ನು ಅದರ ಕಾರ್ಯಕ್ಕೆ ಸಾಲುವಂತೆ ಅಣಿಮಾಡುವುದೇ ಅಲಂಕರಣವೆಂಬ ಮೂಲಾರ್ಥವನ್ನು ಆನಂದ ಕುಮಾರಸ್ವಾಮಿಗಳು ೧೯೩೯ ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿರುವರು.

ಈ ಎರಡು ಪಕ್ಷಗಳಲ್ಲಿ ಯಾವುದು ಸಾಧುವೆಂಬುದನ್ನು ಕಾವ್ಯದ ಹೊರಗೆ, ಗ್ರಂಥಲೇಖನದ ಕ್ಷೇತ್ರದಲ್ಲಿ ಪರೀಕ್ಷಿಸಿ ನೋಡುವುದಕ್ಕೆ ಒಂದು ಉತ್ತಮವಾದ ನಿದರ್ಶನವುಂಟು. ಅದು ಮಧ್ಯಯುಗದ ಕುರಾನ್ ಹಸ್ತಪ್ರತಿಗಳಲ್ಲಿ ಕಾಣಬರುವ ಹೊನ್ನಿನ ಚಿತ್ರಕೆಲಸ. ಅರಬ್ಬಿಯಲ್ಲಿ ಇದಕ್ಕೆ 'ತಜ್‌ಹೀಬ್' ಎಂದು ಹೆಸರು. 'ಜಹಬ್' ಎಂದರೆ ಚಿನ್ನ. ಈ ಕೆಲಸವನ್ನು ಮಾಡುವವನು 'ಮುಜಹ್ಹಿಬ್'. ಈ ಕಲೆಯನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತು ಇಷ್ಟೆ: ಜೀವಿಗಳ ರೂಪವನ್ನು ಈ ಗ್ರಂಥದಲ್ಲಿ ಬರೆಯಕೂಡದಾದುದರಿಂದ ಚಿತ್ರಕಾರರು ಬಳ್ಳಿ, ಹೂವು, ರೇಖಾಜಾಲಗಳನ್ನು ಬರೆದು ತಮ್ಮ ಆಸೆಯನ್ನು ತೀರಿಸಿಕೊಂಡರು, ಅರಸರು ತಮ್ಮ ಐಶ್ವರ್ಯವನ್ನು ತೋರಿಸುವುದಕ್ಕಾಗಿ ಅದಕ್ಕೆ ಚಿನ್ನವನ್ನು ಕೊಟ್ಟರು. ಇದು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವು ಇಲ್ಲದಿಲ್ಲ. ಆದರೆ ಈ ಅಲಂಕಾರವು ಹುಟ್ಟಿದ ಕ್ರಮವನ್ನು ನೋಡಿದರೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಅದು ಪಾಠಕ್ಕೆ ತೊಡಿಸಿದ ಒಡವೆಯಲ್ಲ, ಪಾಠದ ಸುತ್ತ ಕಟ್ಟಿದ ಬೇಲಿ. ಗ್ರಂಥಕ್ಕೆ ಹೊರಗಿನ ಮಾತೊಂದೂ ಒಳಗೆ ಸೇರಕೂಡದೆಂಬ ಕಟ್ಟುಪಾಡಿನಿಂದಲೇ ಅದು ಬೆಳೆಯಿತು. ಪ್ರಕೃತ ಲೇಖನದಲ್ಲಿ ಈ ಸಿದ್ಧಾಂತವನ್ನು ಕೆಲವು ಪ್ರಸಿದ್ಧ ಪ್ರತಿಗಳ ಆಧಾರದಿಂದ ಸಮರ್ಥಿಸಲು ಯತ್ನಿಸಿದೆ.

೨

ಮೊದಲು ಈ ಅಲಂಕಾರಕ್ಕೆ ಬಂದ ವಿರೋಧವನ್ನು ತಿಳಿಯತಕ್ಕದ್ದು. ಪ್ರವಾದಿಗಳ ಅನುಚರರಲ್ಲಿ ಒಬ್ಬರಾದ ಇಬ್ನ್ ಮಸೂದರು ಕುರಾನನ್ನು ಬರಿದಾಗಿಡಬೇಕು, ಅದರಲ್ಲಿ ಅದಲ್ಲದುದನ್ನು ಬೆರಸಬಾರದು ಎಂಬ ಅಭಿಪ್ರಾಯವನ್ನು ಹೇಳಿದರೆಂದು ಪರಂಪರೆಯಿದೆ. ೮ನೆಯ ಶತಮಾನದ ಆದಿಭಾಗದಲ್ಲಿ ತೀರಿಕೊಂಡ ಬಸ್ರಾ ನಗರದ ಹಸನರೂ ಇಬ್ನ್ ಸೀರೀನರೂ ಗ್ರಂಥದಲ್ಲಿ ಐದೈದು, ಹತ್ತುಹತ್ತು ವಾಕ್ಯಗಳಿಗೆ ಗುರುತು ಹಾಕುವುದನ್ನು ಕೂಡ ಒಪ್ಪಲಿಲ್ಲವಂತೆ. ಮದೀನೆಯ ಧರ್ಮಶಾಸ್ತ್ರಜ್ಞರಾದ ಇಮಾಂ ಮಾಲಿಕರು (ಮರಣ ಕ್ರಿ. ಶ. ೭೯೫) ಹತ್ತರ ಗುರುತನ್ನು ಕೆಂಪು ಬಣ್ಣದಲ್ಲಿ ಹಾಕುವುದಕ್ಕೆ ಅಸಮ್ಮತಿಯನ್ನು ಸೂಚಿಸಿ, ಕರಿಯ ಮಸಿಯಲ್ಲಿ ಹಾಕಿದರೆ ದೋಷವಿಲ್ಲವೆಂದರೆಂದು ಆಂದಲೂಸಿಯದ ಅದ್ದಾನೀ ಎಂಬ ಪಂಡಿತನು (ಮರಣ ೧೦೫೩) ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಈ ಗ್ರಂಥವು ಕುರಾನಿಗೆ ಬಿಂದುಗಳನ್ನು ಹಾಕುವ ಕ್ರಮವನ್ನೇ ವಿಷಯವಾಗಿ ಉಳ್ಳದ್ದು.

ಈ ಹಿಂಜರಿಕೆಯು ಸೌಂದರ್ಯದ್ವೇಷದಿಂದ ಬಂದದ್ದಲ್ಲ. ಮುಂದಿನ ಓದುಗನು ಲಿಪಿಕಾರನ ಗುರುತನ್ನು ದೇವವಾಕ್ಯವೆಂದು ಭ್ರಮಿಸಿಯಾನೆಂಬ ಭಯವೇ ಇದರ ಮೂಲ. ಹಸ್ತಪ್ರತಿಗಳಲ್ಲಿ ವ್ಯವಹರಿಸಿದ ಯಾರಿಗೂ ಈ ಭಯದ ಸ್ವರೂಪವನ್ನು ವಿವರಿಸಬೇಕಾದುದಿಲ್ಲ. ಅಂಚಿನಲ್ಲಿ ಬರೆದ ಟಿಪ್ಪಣಿಯು ಮುಂದಿನ ಪ್ರತಿಯಲ್ಲಿ ಮೂಲದೊಳಗೆ ನುಸುಳಿ, ಅದರ ಮುಂದಿನ ಪ್ರತಿಯಲ್ಲಿ ಮೂಲವೇ ಆಗಿಬಿಡುವುದು ನಮ್ಮ ಕಾವ್ಯಗಳಲ್ಲಿಯೂ ಶಾಸ್ತ್ರಗಳಲ್ಲಿಯೂ ನಡೆದ ಸಂಗತಿಯೇ. ಪ್ರಕ್ಷಿಪ್ತವೆಂಬ ಶಬ್ದವು ನಮ್ಮ ಸಂಪಾದಕರ ಬಾಯಲ್ಲಿ ಎಷ್ಟು ಸಲ ಬರುವುದೆಂಬುದನ್ನು ನೆನೆದರೆ ಸಾಕು.

ಆದರೂ ಗುರುತುಗಳಿಲ್ಲದೆ ಓದು ಸಾಗದು. ಅತಿ ಪ್ರಾಚೀನ ಪ್ರತಿಗಳಲ್ಲಿ ಅಕ್ಷರಗಳ ಮೇಲಿನ ಬಿಂದುಗಳು ಕೂಡ ವಿರಳ. ಹ್ರಸ್ವಸ್ವರಗಳ ಚಿಹ್ನೆಗಳು ಇಲ್ಲವೇ ಇಲ್ಲ. ಅರಬ್ಬಿಯನ್ನು ಮನೆಮಾತಾಗಿ ಅರಿಯದ ಜನರು ಇಸ್ಲಾಮನ್ನು ಸ್ವೀಕರಿಸಿದಂತೆಲ್ಲ ಅಪಪಾಠದ ಅಪಾಯವು ಹೆಚ್ಚಿತು. ಮೊದಲು ಗ್ರಂಥವು ಬರಿದಾಗಿದ್ದಿತು. ಆಮೇಲೆ ಅಕ್ಷರಗಳಿಗೆ ಬಿಂದುಗಳನ್ನಿಟ್ಟು ಇದರಿಂದ ಬಾಧಕವಿಲ್ಲವೆಂದರು. ಆಮೇಲೆ ವಾಕ್ಯಾಂತ್ಯಗಳಿಗೆ ದೊಡ್ಡ ಬಿಂದುಗಳನ್ನಿಟ್ಟರು. ಕಡೆಗೆ ಆದ್ಯಂತಗಳ ಗುರುತುಗಳನ್ನು ಸೇರಿಸಿದರು ಎಂದು ೮ನೆಯ ಶತಮಾನದ ಒಬ್ಬ ವಿದ್ವಾಂಸನು ಹೇಳಿದ ಮಾತನ್ನು ಗಜಾಲಿಯು (ಮರಣ ೧೧೧೧) ತನ್ನ 'ಇಹ್ಯಾ' ಎಂಬ ಮಹಾಗ್ರಂಥದಲ್ಲಿ ಉದ್ಧರಿಸಿದ್ದಾನೆ. ಗ್ರಂಥಾಲಂಕಾರದ ಇತಿಹಾಸವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿರುವುದು. ಗಜಾಲಿಯ ಸ್ವಂತ ನಿರ್ಣಯವೂ ಗಮನಾರ್ಹವಾದುದು. ಕುರಾನನ್ನು ಅಂದವಾಗಿಯೂ ಸ್ಪಷ್ಟವಾಗಿಯೂ ಬರೆಯುವುದು ಶ್ಲಾಘ್ಯ. ಕೆಂಪು ಮೊದಲಾದ ಬಣ್ಣಗಳ ಬಿಂದುಗಳೂ ಗುರುತುಗಳೂ ನಿರ್ದುಷ್ಟ. ಏಕೆಂದರೆ ಅವು ಶೋಭೆಯನ್ನೂ ಸ್ಪಷ್ಟತೆಯನ್ನೂ ಕೊಟ್ಟು ಓದುವವನನ್ನು ತಪ್ಪಿನಿಂದ ಕಾಪಾಡುತ್ತವೆ ಎಂಬುದು ಅವನ ಆಶಯ. ಶೋಭೆ, ಸ್ಪಷ್ಟತೆ, ರಕ್ಷಣೆ — ಈ ಮೂರನ್ನೂ ಆತನು ಒಂದೇ ಉಸಿರಿನಲ್ಲಿ ಹೇಳಿರುವುದನ್ನು ವಾಚಕರು ಮರೆಯಬಾರದು.

೩

ಬಣ್ಣದ ಪ್ರಯೋಜನವು ಇಲ್ಲಿಯೇ ತಿಳಿದುಬರುತ್ತದೆ. ಹೊರಗಿನದು ಒಳಗಿನದರೊಡನೆ ಬೆರೆಯಬಾರದಾದರೆ ಅದು ನೋಡಿದೊಡನೆಯೇ ಬೇರೆಯಾಗಿ ತೋರಬೇಕು. ಆದುದರಿಂದ ಮೂಲವನ್ನು ಕರಿಯ ಅಥವಾ ಕಂದು ಮಸಿಯಲ್ಲಿ ಬರೆದು ಸ್ವರಚಿಹ್ನೆಗಳನ್ನು ಕೆಂಪು ಬಿಂದುಗಳಿಂದ ಸೂಚಿಸಿದರು. ಮದೀನೆಯವರು 'ಹಮ್ಜಾ' ಎಂಬ ಕಂಠ್ಯಧ್ವನಿಗೆ ಹಳದಿ ಬಿಂದುವನ್ನು ಬಳಸಿದರೆಂದು ಅದ್ದಾನೀಯು ಬರೆದಿದ್ದಾನೆ. ಕೆಲವು ಸೀಮೆಗಳಲ್ಲಿ ಹಸುರೂ ಬಂದಿತು. ಋಗ್ವೇದದ ಕಾಗದದ ಹಸ್ತಪ್ರತಿಗಳಲ್ಲಿ ಉದಾತ್ತಾದಿ ಸ್ವರಗಳನ್ನು ಕೆಂಪು ಮಸಿಯಿಂದ ಗುರುತಿಸಿರುವುದನ್ನು ಕಂಡವರಿಗೆ ಇದರ ಯುಕ್ತಿಯು ಸುಲಭವಾಗಿ ಮನವರಿಕೆಯಾದೀತು. ಅಲ್ಲಿಯೂ ಮೂಲವು ಕಪ್ಪು, ಉಚ್ಚಾರಣೆಯ ಆಜ್ಞೆಯು ಕೆಂಪು.

ಗುರುತುಗಳು ಅಲಂಕಾರವಾಗಿ ಅರಳಿದ ಬಗೆಯನ್ನು ಕ್ರಮವಾಗಿ ನೋಡೋಣ. ಹಿಜರಿ ಒಂದನೆಯ ಶತಮಾನದ ಪ್ರತಿಗಳಲ್ಲಿ ಆಯತ್ತಿನ, ಎಂದರೆ ವಾಕ್ಯದ, ಕೊನೆಯಲ್ಲಿ ಕೆಲವು ಸಣ್ಣ ಗೀರುಗಳು ಮಾತ್ರ ಕಾಣುವುವು. ಒಂದು ಸೂರಾ, ಎಂದರೆ ಅಧ್ಯಾಯ, ಮುಗಿದಲ್ಲಿ ಸ್ವಲ್ಪ ಸ್ಥಳವು ಖಾಲಿಯಾಗಿರುವುದು. ಖಾಲಿ ಸ್ಥಳವು ಅಪಾಯದ ಸ್ಥಳ. ಅಲ್ಲಿ ಯಾರಾದರೂ ಏನನ್ನಾದರೂ ಬರೆಯಬಹುದು. ಆ ಸ್ಥಳವನ್ನು ಬಣ್ಣದ ಪಟ್ಟಿಯಿಂದ ತುಂಬುವ ರೂಢಿಯು ಬೇಗನೆ ಬಂದಿತು. ಮುಂದೆ ಆ ಪಟ್ಟಿಯೊಳಗೆ ಅಧ್ಯಾಯದ ಹೆಸರೂ ವಾಕ್ಯಸಂಖ್ಯೆಯೂ ಚಿನ್ನದ ಅಕ್ಷರಗಳಲ್ಲಿ ಸೇರಿದುವು. ಪಟ್ಟಿಯ ತುದಿಯಿಂದ ಎಲೆಯಾಕಾರದ ಕುಚ್ಚೊಂದು ಅಂಚಿನೊಳಕ್ಕೆ ಚಾಚಿಕೊಂಡಿತು. ಪುಟಗಳನ್ನು ಮಗುಚುವವನಿಗೆ ಅಧ್ಯಾಯದ ಆರಂಭವು ಈ ಕುಚ್ಚಿನಿಂದಲೇ ಸಿಕ್ಕುವುದು. ಮೂಲವನ್ನು ಒಂದು ಲಿಪಿಶೈಲಿಯಲ್ಲಿಯೂ ಶೀರ್ಷಿಕೆಯನ್ನು ಮತ್ತೊಂದರಲ್ಲಿಯೂ ಬರೆಯುವ ಪದ್ಧತಿಯೂ ಇದೇ ಉದ್ದೇಶದ್ದು. ಮೂಲವನ್ನು ದುಂಡಗಿನ ನಸ್ಖ್ ಮೊದಲಾದ ಲಿಪಿಗಳಲ್ಲಿ ಬರೆಯತೊಡಗಿದ ಮೇಲೆ ಹಳೆಯ ಕೋನಾಕಾರದ ಕೂಫೀ ಲಿಪಿಯು ಹಲವು ಪ್ರತಿಗಳಲ್ಲಿ ಶೀರ್ಷಿಕೆಗಳ ಲಿಪಿಯಾಗಿ ಉಳಿದುಕೊಂಡಿತು.

ವಾಕ್ಯಾಂತ್ಯದ ಗೀರುಗಳ ಸ್ಥಾನದಲ್ಲಿ ಹೊನ್ನಿನ ಚುಕ್ಕಿಗಳ ಗುಂಪುಗಳೂ ಹೂಗಳೂ ಬಂದುವು. ಐದನೆಯ ವಾಕ್ಯದ ಕೊನೆಗೆ 'ಹಾ' ಎಂಬ ಅಕ್ಷರವನ್ನು ಚಿನ್ನದಲ್ಲಿ ಬರೆಯುವುದುಂಟು. ಅರಬ್ಬಿಯ 'ಅಬ್ಜದ್' ಪದ್ಧತಿಯಲ್ಲಿ ಆ ಅಕ್ಷರದ ಬೆಲೆ ೫, 'ಯಾ' ಎಂಬುದರ ಬೆಲೆ ೧೦, 'ಕಾಫ್' ೨೦, 'ಲಾಮ್' ೩೦. ನಮ್ಮ ಕಟಪಯಾದಿ ಸಂಖ್ಯೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಹತ್ತನೆಯ ವಾಕ್ಯಕ್ಕೆ ಅಂಚಿನಲ್ಲಿ ಒಂದು ದುಂಡು ಪದಕ, ಅದರ ನಡುವೆ ಸಂಖ್ಯೆ. ಕೆಲವು ವಾಕ್ಯಗಳನ್ನು ಓದಿದಾಗ ಓದುಗನು ಸಾಷ್ಟಾಂಗ ನಮಸ್ಕಾರ ಮಾಡಬೇಕೆಂಬ ವಿಧಿಯಿದೆ. ಅಂತಹ ಸ್ಥಳಗಳು ಪಂಥಭೇದದಿಂದ ೧೪ ಅಥವಾ ೧೫. ಅವಕ್ಕೂ ಅಂಚಿನಲ್ಲಿ ಬೇರೊಂದು ಆಕೃತಿ. ಇಡೀ ಗ್ರಂಥವನ್ನು ಪಾರಾಯಣಕ್ಕಾಗಿ ೩೦ ಸಮಭಾಗಗಳನ್ನಾಗಿಯೂ ಆ ಒಂದೊಂದನ್ನು ಎರಡು ಭಾಗಗಳನ್ನಾಗಿಯೂ ವಿಭಾಗಿಸಿ ಅವುಗಳ ಗುರುತುಗಳನ್ನೂ ಹಾಕಿದರು. ಹೀಗೆ ಪುಟದ ಅಂಚಿನಲ್ಲಿ ಹೊಳೆಯುವ ಹೂವು, ಪದಕ, ಕುಚ್ಚುಗಳಲ್ಲಿ ಬಹುಪಾಲಿಗೆ ಒಂದೊಂದು ಅರ್ಥವಿದೆ. ಬಲ್ಲವನಿಗೆ ಅದು ಓದು; ಅರಿಯದವನಿಗೆ ಅದು ಚಿತ್ರ.

೪

ಈ ಎಣಿಕೆಯ ಶ್ರದ್ಧೆಯು ಪರಾಕಾಷ್ಠೆಗೆ ಮುಟ್ಟಿರುವುದನ್ನು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಒಂದು ಚಿಕ್ಕ ಪ್ರತಿಯಲ್ಲಿ ನೋಡಬಹುದು. ಇದನ್ನು ಹಿಜರಿ ೩೯೧ ರಲ್ಲಿ, ಎಂದರೆ ಕ್ರಿ. ಶ. ೧೦೦೦–೧೦೦೧ ರಲ್ಲಿ, ಬಾಗ್ದಾದಿನಲ್ಲಿ ಬರೆದವನು ಅಲಿ ಇಬ್ನ್ ಹಿಲಾಲ್. ಲೋಕಪ್ರಸಿದ್ಧವಾದ ಹೆಸರು ಇಬ್ನ್ ಅಲ್-ಬವ್ವಾಬ್, ಎಂದರೆ ದ್ವಾರಪಾಲಕನ ಮಗ. ಕಾಗದದ ಮೇಲೆ ನಸ್ಖ್ ಲಿಪಿಯಲ್ಲಿ ಬರೆದ ಈ ಪ್ರತಿಯಲ್ಲಿ ೨೮೬ ಹಾಳೆಗಳಿವೆ. ಪುಟದ ಎತ್ತರ ಸುಮಾರು ೭ ಅಂಗುಲ, ಅಗಲ ೫ ಅಂಗುಲಕ್ಕೆ ಸ್ವಲ್ಪ ಹೆಚ್ಚು. ಡಿ. ಎಸ್. ರೈಸ್ ಎಂಬ ವಿದ್ವಾಂಸರು ೧೯೫೫ ರಲ್ಲಿ ಇದನ್ನು ಕುರಿತು ಒಂದು ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು.

ಈ ಪ್ರತಿಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಎದುರುಬದುರಾಗಿ ಬರೆದ ಅಲಂಕಾರಪುಟಗಳಿವೆ. ಆದಿಯ ಪುಟಗಳಲ್ಲಿ ಅಲಂಕಾರದ ಕಟ್ಟುಗಳ ನಡುವೆ ಗ್ರಂಥದ ಪರಿಮಾಣವನ್ನು ಬರೆದಿದೆ: ಸೂರಾಗಳು ೧೧೪; ಆಯತ್ತುಗಳು ೬,೨೩೬; ಶಬ್ದಗಳು ೭೭,೪೬೦; ಅಕ್ಷರಗಳು ೩,೨೧,೨೫೦; ಅಕ್ಷರಗಳ ಬಿಂದುಗಳು ೧,೫೬,೦೫೧. ವಾಕ್ಯಗಳ ಸಂಖ್ಯೆಯು ಕೂಫಾ ನಗರದ ಪಂಡಿತರ ಗಣನೆಯನ್ನು ಅನುಸರಿಸಿದ್ದು. ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಅಲ್ಪಸ್ವಲ್ಪ ಭೇದವಿರುವ ಕಾರಣ ಬಸ್ರಾದವರ ಗಣನೆಯಲ್ಲಿ ಈ ಸಂಖ್ಯೆಯು ಬೇರೆ. ಮೂಲದಲ್ಲಿ ಭೇದವಿಲ್ಲ, ವಿರಾಮದಲ್ಲಿ ಮಾತ್ರ ಭೇದ. ಆದುದರಿಂದಲೇ ಯಾರ ಗಣನೆಯೆಂಬುದು ಗ್ರಂಥದ ಮೊದಲಲ್ಲಿಯೇ ಹೇಳಬೇಕಾದ ಸಂಗತಿಯಾಯಿತು.

ನಮ್ಮಲ್ಲಿ ಶೌನಕನ ಹೆಸರಿನಿಂದ ಪ್ರಸಿದ್ಧವಾದ ಅನುವಾಕಾನುಕ್ರಮಣಿಯು ಋಕ್ಸಂಹಿತೆಯ ಪರಿಮಾಣವನ್ನು ಹೀಗೆಯೇ ಹೇಳಿ, ಋಕ್ಕುಗಳು ೧೦,೫೮೦ ಮತ್ತು ಒಂದು ಪಾದ, ಪದಗಳು ೧,೫೩,೮೨೬, ಅಕ್ಷರಗಳು ೪,೩೨,೦೦೦ ಎಂದು ಎಣಿಸಿದೆ. ಎರಡು ಪರಂಪರೆಗಳಿಗೂ ಇಲ್ಲಿ ಕೊಡುಕೊಳೆಯಿತ್ತೆಂದು ನಾನು ಹೇಳುತ್ತಿಲ್ಲ. ಒಂದು ವಾಙ್ಮಯವನ್ನು ಪವಿತ್ರವೆಂದು ನಂಬಿದ ಜನರು ಅದರ ಒಂದು ಅಕ್ಷರವೂ ಕಳೆಯಬಾರದು, ಒಂದೂ ಕೂಡಬಾರದು ಎಂದು ಬಯಸಿದಾಗ ಎಣಿಕೆಯೇ ಅವರ ಆಯುಧವಾಗುವುದೆಂಬುದು ನನ್ನ ಅಭಿಪ್ರಾಯ. ಭೇದವೂ ಉಂಟು. ನಮ್ಮವರು ಎಣಿಕೆಯನ್ನು ಬೇರೊಂದು ಲಕ್ಷಣಗ್ರಂಥದಲ್ಲಿಟ್ಟು, ಪದ, ಕ್ರಮ, ಜಟಾ, ಘನಗಳೆಂಬ ಪಾಠಗಳಿಂದ ಬಾಯಲ್ಲಿಯೇ ಸಂಹಿತೆಯನ್ನು ಕಾಪಾಡಿದರು. ಅವರು ಆ ಎಣಿಕೆಯನ್ನು ಗ್ರಂಥದ ಬಾಗಿಲಲ್ಲಿಯೇ ಹೊನ್ನಿನಲ್ಲಿ ಬರೆದರು. ದ್ವಾರಪಾಲಕನ ಮಗನ ಗ್ರಂಥಕ್ಕೆ ಸಂಖ್ಯೆಗಳೇ ದ್ವಾರಪಾಲಕರಾದುವು.

ಇಬ್ನ್ ಅಲ್-ಬವ್ವಾಬನು ಮೊದಲು ಮನೆಗಳಿಗೆ ಬಣ್ಣದ ಕೆಲಸವನ್ನು ಮಾಡುತ್ತಿದ್ದು, ಬಳಿಕ ಗ್ರಂಥಗಳ ಅಲಂಕಾರಕ್ಕೂ ಅನಂತರ ಲಿಪಿವಿದ್ಯೆಗೂ ಬಂದವನು. ಈ ಪ್ರತಿಯ ಹೊನ್ನಿನ ಕೆಲಸವೂ ಅವನದೇ ಎಂಬುದು ರೈಸ್ ಅವರ ಅಭಿಪ್ರಾಯ. ಅವನ ವಿಷಯದಲ್ಲಿ ಯಾಕೂತ್ ಎಂಬ ಗ್ರಂಥಕರ್ತನು (ಮರಣ ೧೨೨೯) ಒಂದು ಕಥೆಯನ್ನು ಹೇಳುತ್ತಾನೆ. ಶಿರಾಜಿನಲ್ಲಿ ಬುವೈಹ ವಂಶದ ಬಹಾ ಉದ್ದೌಲನ ಗ್ರಂಥಭಂಡಾರವು ಇವನ ಅಧೀನದಲ್ಲಿದ್ದಾಗ, ಲಿಪಿಸುಧಾರಕನಾದ ಇಬ್ನ್ ಮುಕ್ಲನ (ಮರಣ ೯೪೦) ಕೈಬರಹದ ೩೦ ಸಂಪುಟಗಳ ಕುರಾನಿನಲ್ಲಿ ೨೯ ಮಾತ್ರ ಸಿಕ್ಕಿ ಒಂದು ಸಿಕ್ಕದೆ ಹೋಯಿತಂತೆ. ಇವನು ಭಂಡಾರದಲ್ಲಿ ಅದಕ್ಕೆ ಹೊಂದುವ ಹಳೆಯ ಕಾಗದವನ್ನು ಹುಡುಕಿ ತೆಗೆದು, ಆ ಸಂಪುಟವನ್ನು ಇಬ್ನ್ ಮುಕ್ಲನ ಲಿಪಿಯಲ್ಲಿಯೇ ಬರೆದು, ಹೊನ್ನನ್ನು ಹಾಕಿ, ಆ ಹೊನ್ನು ಹಳೆಯದೆಂದು ತೋರುವಂತೆ ಮಾಡಿ, ಬೇರೊಂದು ಸಂಪುಟದ ರಟ್ಟನ್ನು ಇದಕ್ಕೆ ಕಟ್ಟಿ ಅರಸನ ಮುಂದಿಟ್ಟನಂತೆ. ಮೂವತ್ತರಲ್ಲಿ ಹೊಸದು ಯಾವುದೆಂಬುದನ್ನು ಅರಸನು ಗುರುತಿಸಲಾರದೆ ಹೋದನು. ಕಥೆಯು ಎಷ್ಟರಮಟ್ಟಿಗೆ ನಿಜವೆಂಬ ವಿಚಾರವು ಹಾಗಿರಲಿ. ಒಂದು ಪ್ರತಿಯನ್ನು ಅನುಕರಿಸುವುದೆಂದರೆ ಅಕ್ಷರವನ್ನು ಮಾತ್ರವಲ್ಲ, ಕಾಗದ, ಹೊನ್ನು, ಹೊದಿಕೆಗಳನ್ನೂ ಅನುಕರಿಸುವುದೆಂದು ಅಂದಿನವರು ತಿಳಿದಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

೫

ಹೊನ್ನನ್ನು ಬಳಸುವ ಕ್ರಮವನ್ನು ಅಂದಿನ ಗ್ರಂಥಗಳೇ ತಿಳಿಸುತ್ತವೆ. ಉತ್ತರ ಆಫ್ರಿಕದ ಜೀರೀ ವಂಶದ ದೊರೆಯಾದ ಅಲ್-ಮುಯಿಜ್ ಇಬ್ನ್ ಬಾದೀಸನ (ಆಳ್ವಿಕೆ ೧೦೧೬–೧೦೬೨) ಹೆಸರಿನೊಡನೆ ಸೇರಿರುವ ಒಂದು ಗ್ರಂಥದಲ್ಲಿ ಲೇಖನಿ, ಮಸಿ, ಬಣ್ಣ, ಚಿನ್ನ, ಬೆಳ್ಳಿ, ಕಾಗದ, ರಟ್ಟು ಇವುಗಳನ್ನು ಸಿದ್ಧಪಡಿಸುವ ವಿಧಾನಗಳಿವೆ. ಸ್ಥೂಲವಾಗಿ ಹೇಳುವುದಾದರೆ, ಚಿನ್ನದ ತೆಳುರೇಕುಗಳನ್ನು ಜೇನು ಅಥವಾ ಗೋಂದಿನೊಡನೆ ನುಣ್ಣಗೆ ಅರೆದು, ತೊಳೆದು, ಬಂದ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ ಬಣ್ಣದಂತೆ ಬಳಸುವರು. ಒಣಗಿದ ಮೇಲೆ ಅಕೀಕ ಮೊದಲಾದ ನುಣುಪು ಕಲ್ಲಿನಿಂದ ಉಜ್ಜಿದರೆ ಮಾತ್ರ ಅದಕ್ಕೆ ಹೊಳಪು ಬರುವುದು. ಚಿನ್ನದ ಸುತ್ತ ಕಪ್ಪಿನ ಸಣ್ಣ ರೇಖೆಯನ್ನೆಳೆದು ಅಂಚನ್ನು ಬಿಗಿಗೊಳಿಸುವರು. ಚಿನ್ನಕ್ಕೆ ಜೊತೆಯಾಗಿ ಬರುವ ನೀಲವರ್ಣಗಳಲ್ಲಿ ಶ್ರೇಷ್ಠವಾದುದು ರಾಜಾವರ್ತಮಣಿಯನ್ನು ಪುಡಿಮಾಡಿ ತೆಗೆದದ್ದು. ಆ ಮಣಿಯ ಪ್ರಸಿದ್ಧವಾದ ಗಣಿಯು ಬದಕ್ಷಾನದಲ್ಲಿದೆ.

ಮೂಲವು ಕಪ್ಪು, ಗುರುತು ಹೊನ್ನು ಎಂಬ ನಿಯಮಕ್ಕೆ ಒಂದು ಅಪವಾದವೆಂದು ತೋರುವ ಪ್ರತಿಯನ್ನು ಇಲ್ಲಿ ವಿಚಾರಿಸಬೇಕು. ಅದು ನೀಲ ಕುರಾನ್ ಎಂದು ಖ್ಯಾತವಾದದ್ದು. ನೀಲಿಯನ್ನು ಹಿಡಿಸಿದ ಚರ್ಮಪತ್ರದ ಮೇಲೆ ಕೂಫೀ ಲಿಪಿಯಲ್ಲಿ, ಪುಟಕ್ಕೆ ೧೫ ಪಂಕ್ತಿಗಳಂತೆ, ಮೂಲವನ್ನೇ ಚಿನ್ನದಲ್ಲಿ ಬರೆದಿದೆ. ೯ ಅಥವಾ ೧೦ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಿದ್ದರೂ ಇದು ಹುಟ್ಟಿದ ದೇಶದ ವಿಷಯದಲ್ಲಿ ವಿವಾದವಿದೆ. ೧೯೧೨ ರಲ್ಲಿ ಇದನ್ನು ಕುರಿತು ಬರೆದ ಎಫ್. ಆರ್. ಮಾರ್ಟಿನ್ ಅವರು ಪಾರಸಿಕ ದೇಶದ ಮಶ್‌ಹದಿನೊಡನೆ ಇದಕ್ಕೆ ಸಂಬಂಧವನ್ನು ಕಲ್ಪಿಸಿದರು. ಆದರೆ ಟ್ಯೂನಿಸಿಯದ ಕೈರವಾನ್ ನಗರದ ಮಹಾಮಸೀದಿಯ ಗ್ರಂಥಗಳ ಪಟ್ಟಿಯೊಂದು ೧೨೯೩ ರಲ್ಲಿ ಸಿದ್ಧವಾದದ್ದಿದೆ. ಅದರಲ್ಲಿ ನೀಲಿಯ ಚರ್ಮಪತ್ರದ ಮೇಲೆ ಚಿನ್ನದಿಂದ ಬರೆದ, ಏಳು ಭಾಗಗಳ ದೊಡ್ಡ ಕುರಾನಿನ ಉಲ್ಲೇಖವು ದೊರೆಯುತ್ತದೆ. ಇದರ ಆಧಾರದಿಂದಲೂ, ಹಾಳೆಗಳಲ್ಲಿ ಬಹುಭಾಗವು ಟ್ಯೂನಿಸಿಯದಲ್ಲಿಯೇ ಉಳಿದಿರುವುದರಿಂದಲೂ ಹಲವರು ಕೈರವಾನ್ ಪಕ್ಷವನ್ನು ಹಿಡಿದಿರುವರು. ನಮ್ಮ ಸಿದ್ಧಾಂತಕ್ಕೆ ಮುಖ್ಯವಾದುದು ಆ ಪಟ್ಟಿಯ ಇನ್ನೊಂದು ಮಾತು: ಸೂರಾಗಳ ಮತ್ತು ಭಾಗಗಳ ಗುರುತುಗಳು ಬೆಳ್ಳಿಯಲ್ಲಿವೆ. ಮೂಲವು ಚಿನ್ನವನ್ನು ತಾನು ತೆಗೆದುಕೊಂಡೊಡನೆ ಗುರುತುಗಳು ಬೆಳ್ಳಿಗೆ ಸರಿದುವು. ಲೋಹವು ಬದಲಾಯಿತು, ಭೇದವು ಉಳಿಯಿತು. ಇಂದು ಆ ಬೆಳ್ಳಿಯು ಕಪ್ಪಾಗಿದೆ; ಚಿನ್ನವು ಮಾಸಿಲ್ಲ. ಆದುದರಿಂದ ಇದು ಅಪವಾದವಲ್ಲ, ನಿಯಮಕ್ಕೆ ಪೋಷಕವೇ ಆಗಿದೆ.

೬

ಇನ್ನು ರಾಜವೈಭವದ ಮಾತು. ೧೪ನೆಯ ಶತಮಾನದ ಆರಂಭದಲ್ಲಿ ಈ ಕಲೆಯು ಏರಿದ ಎತ್ತರಕ್ಕೆ ರಾಜಾಶ್ರಯವು ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ಬಾಗ್ದಾದನ್ನು ೧೨೫೮ ರಲ್ಲಿ ಹಾಳುಮಾಡಿದ ಮಂಗೋಲರ ವಂಶದಲ್ಲಿಯೇ ಹುಟ್ಟಿದ ಓಲ್ಜೈತೂ (ಆಳ್ವಿಕೆ ೧೩೦೪–೧೩೧೬) ಎಂಬ ಸುಲ್ತಾನನಿಗಾಗಿ ಬಾಗ್ದಾದ್, ಮೊಸುಲ್, ಹಮದಾನ್ ಈ ಊರುಗಳಲ್ಲಿ ೩೦ ಸಂಪುಟಗಳ ಮಹಾಪ್ರತಿಗಳು ಸಿದ್ಧವಾದುವು. ಹಮದಾನಿನ ಪ್ರತಿಯು ೧೩೧೩ ರಲ್ಲಿ ಮುಗಿಯಿತು. ಬರೆದವನೂ ಅಲಂಕರಿಸಿದವನೂ ಒಬ್ಬನೇ: ಹಮದಾನಿನ ಅಬ್ದುಲ್ಲಾ ಇಬ್ನ್ ಮುಹಮ್ಮದ್. ಪುಟಕ್ಕೆ ಐದೇ ಪಂಕ್ತಿಗಳು. ಅಕ್ಷರಗಳು ಚಿನ್ನದವು, ಅವುಗಳ ಸುತ್ತ ಕಪ್ಪು ರೇಖೆ. ಈಜಿಪ್ಟಿನ ಮಮ್ಲೂಕರಿಗೂ ಮಂಗೋಲರಿಗೂ ಸಂಧಿಯಾದ ತರುವಾಯ ಈ ಪ್ರತಿಯು ಕೈರೋ ನಗರವನ್ನು ಸೇರಿ, ೧೩೨೬ ರಲ್ಲಿ ಬಕ್ತಮುರ್ ಎಂಬ ಅಮೀರನಿಂದ ಅವನ ಸಮಾಧಿಮಂದಿರಕ್ಕೆ ದತ್ತಿಯಾಗಿ ಸಂದಿತು. ಈಗಲೂ ಅದು ಕೈರೋವಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

ಕೈರೋವಿನಲ್ಲಿಯೇ ೧೩೦೪ ರಿಂದ ೧೩೦೬ ರವರೆಗೆ ಬೈಬರ್ಸ್ ಅಲ್-ಜಾಶನಕೀರ್ ಎಂಬ ಅಧಿಕಾರಿಗಾಗಿ ಏಳು ಸಂಪುಟಗಳ ಒಂದು ಪ್ರತಿಯು ಸಿದ್ಧವಾಗಿದ್ದಿತು. ಇವನು ೧೩೦೯ ರಲ್ಲಿ ಸುಲ್ತಾನನಾಗಿ ಮರುವರ್ಷವೇ ಪದಭ್ರಷ್ಟನಾದನು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಈ ಪ್ರತಿಯ ಲಿಪಿಕಾರನು ಮುಹಮ್ಮದ್ ಇಬ್ನ್ ಅಲ್-ವಹೀದ್. ಅಲಂಕಾರದ ಕೆಲಸದಲ್ಲಿ ಸಂದಲ್ ಎಂದು ಹೆಸರಾದ ಅಬೂಬಕರ್, ಮುಹಮ್ಮದ್ ಇಬ್ನ್ ಮುಬಾದಿರ್, ಐದುಗ್ದೀ ಇಬ್ನ್ ಅಬ್ದುಲ್ಲಾ ಎಂಬ ಮೂವರು ಸೇರಿದ್ದರು. ನಮ್ಮ ದೇವಾಲಯಗಳ ಶಿಲ್ಪಿಗಳಲ್ಲಿ ಬಹುಮಂದಿಯ ಹೆಸರನ್ನು ಕಾಲವು ನುಂಗಿತು. ಹೊಯ್ಸಳರ ಕಾಲದ ಕೆಲವರು ಮಾತ್ರ ಕಲ್ಲಿನ ಮೇಲೆ ತಮ್ಮ ಹೆಸರನ್ನು ಕೊರೆದು ಉಳಿದುಕೊಂಡರು. ಸಂದಲನೂ ಹಾಗೆ ಉಳಿದವರ ಸಾಲಿಗೆ ಸೇರಿದವನು.

ಇಷ್ಟು ಚಿನ್ನವು ಅಭಿಮಾನಕ್ಕಾಗಿಯೇ ವ್ಯಯವಾಯಿತೇ? ಸಂಪುಟಗಳ ಸಂಖ್ಯೆಯನ್ನು ಗಮನಿಸಿದರೆ ಉತ್ತರವು ದೊರೆಯುವುದು. ಮೂವತ್ತು ಸಂಪುಟಗಳಾದರೆ ತಿಂಗಳಿನ ಒಂದೊಂದು ದಿನಕ್ಕೆ ಒಂದೊಂದು. ಏಳು ಸಂಪುಟಗಳಾದರೆ ವಾರದ ಒಂದೊಂದು ದಿನಕ್ಕೆ ಒಂದೊಂದು. ಇವು ಪಾರಾಯಣದ ಪ್ರತಿಗಳು. ಇಂತಹವುಗಳನ್ನು ಮಸೀದಿಗೆ, ಮದರಸೆಗೆ ಅಥವಾ ಸಮಾಧಿಮಂದಿರಕ್ಕೆ 'ವಕ್ಫ್' ಎಂದು, ಎಂದರೆ ಮಾರಕೂಡದ ಶಾಶ್ವತ ದತ್ತಿಯೆಂದು, ಬರೆದುಕೊಡುತ್ತಿದ್ದರು. ಓದಿಸಿದ ಪುಣ್ಯವು ದಾತೃವಿಗೆ ಸಲ್ಲಬೇಕೆಂಬುದು ಆಶಯ. ನಮ್ಮ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಶಾಸ್ತ್ರದಾನ ಮಾಡಿದಳೆಂಬ ಖ್ಯಾತಿಯನ್ನು ಬಲ್ಲ ಕನ್ನಡಿಗರಿಗೆ ಈ ಭಾವನೆಯು ಅಪರಿಚಿತವಲ್ಲ. ಅಲ್ಲಿ ಪ್ರತಿಗಳ ಸಂಖ್ಯೆಯಿಂದಲೂ ಇಲ್ಲಿ ಒಂದೇ ಪ್ರತಿಯ ಮಹತ್ತ್ವದಿಂದಲೂ ಅದೇ ಶ್ರದ್ಧೆಯು ಪ್ರಕಟವಾಗಿದೆ. ರಾಜನ ಅಭಿಮಾನವು ಚಿನ್ನವನ್ನು ಒದಗಿಸಿತು. ಅದನ್ನು ಎಲ್ಲಿ ಇಡಬೇಕೆಂಬುದನ್ನು ಓದುಗನ ಅಗತ್ಯವು ಗೊತ್ತುಮಾಡಿತು.

೭

ಸಂಪುಟದ ಆದಿಯಲ್ಲಿ ಬರುವ ಪೂರ್ಣಪುಟದ ರೇಖಾಲಂಕಾರಗಳಿಗೆ ಈ ವಾದವು ಅನ್ವಯಿಸುವುದೇ ಎಂದು ಕೆಲವರು ಕೇಳಬಹುದು. ಅಲ್ಲಿ ಎಣಿಸುವುದಕ್ಕೆ ವಾಕ್ಯವಿಲ್ಲ, ಗುರುತಿಸುವುದಕ್ಕೆ ಅಧ್ಯಾಯವಿಲ್ಲ. ಯೆಮೆನ್ ದೇಶದ ಸನಾ ನಗರದ ಮಹಾಮಸೀದಿಯಲ್ಲಿ ೧೯೭೨ ರಲ್ಲಿ ಹಳೆಯ ಹಾಳೆಗಳ ದೊಡ್ಡ ರಾಶಿಯು ದೊರೆಯಿತು. ಅದರಲ್ಲಿದ್ದ, ಉಮಯ್ಯದ್ ವಂಶದ ಕಾಲದ್ದೆಂದು ಊಹಿಸಲಾದ ಒಂದು ಪ್ರತಿಯ ಆದಿಯಲ್ಲಿ ಕಂಬ, ಕಮಾನು, ತೂಗುದೀಪಗಳಿಂದ ಕೂಡಿದ ಕಟ್ಟಡಗಳ ಚಿತ್ರಗಳಿವೆ. ಮಸೀದಿಗಳೆಂದು ವಿದ್ವಾಂಸರು ನಿರ್ಣಯಿಸಿರುವರು. ಇಲ್ಲಿ ಗ್ರಂಥವನ್ನು ತೆರೆಯುವುದೆಂದರೆ ಮಂದಿರವನ್ನು ಪ್ರವೇಶಿಸುವುದು. ಮುಂದೆ ಕಟ್ಟಡದ ಚಿತ್ರವು ಮರೆಯಾಗಿ ರೇಖಾಜಾಲವು ಉಳಿಯಿತು. ನಕ್ಷತ್ರಾಕಾರಗಳೂ ಬಹುಭುಜಗಳೂ ಒಂದರೊಳಗೊಂದು ಹೆಣೆದು, ಚೌಕಟ್ಟಿನ ಅಂಚಿನಲ್ಲಿ ಅರ್ಧಕ್ಕೆ ನಿಲ್ಲುತ್ತವೆ. ಅರ್ಧಕ್ಕೆ ನಿಂತ ಆಕೃತಿಯನ್ನು ನೋಡುವವನ ಮನಸ್ಸು ತಾನೇ ಮುಂದುವರಿಸಿಕೊಂಡು ಹೋಗುವುದು. ವಿನ್ಯಾಸಕ್ಕೆ ಕೊನೆಯಿಲ್ಲ, ಪುಟಕ್ಕೆ ಮಾತ್ರ ಕೊನೆ.

ಇಂತಹ ಪುಟಗಳ ಪಟ್ಟಿಗಳಲ್ಲಿ ಬರೆಯಲು ೫೬ನೆಯ ಸೂರಾದ ೭೭ ರಿಂದ ೮೦ನೆಯ ವಾಕ್ಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಇದು ಮಾನ್ಯವಾದ ಗ್ರಂಥ, ಸುರಕ್ಷಿತವಾದದ್ದು, ಶುಚಿಯಾದವರಲ್ಲದೆ ಇತರರು ಮುಟ್ಟತಕ್ಕದ್ದಲ್ಲವೆಂಬುದು ಅವುಗಳ ತಾತ್ಪರ್ಯ. ಹೊಸ್ತಿಲಲ್ಲಿ ನಿಂತವನಿಗೆ ಹೇಳತಕ್ಕ ಮಾತು ಇದೇ. ಆದುದರಿಂದ ಈ ಪೂರ್ಣಪುಟಗಳೂ ಗುರುತುಗಳೇ. ಅಂಚಿನ ಪದಕವು ವಾಕ್ಯದ ಗುರುತು, ಇವು ಇಡೀ ಗ್ರಂಥದ ಗುರುತು.

ಭಾರತದಲ್ಲಿ ಈ ಸಂಪ್ರದಾಯದ ಪ್ರಾಚೀನ ಸಾಕ್ಷಿಯಾಗಿ ಗ್ವಾಲಿಯರ್ ಕೋಟೆಯಲ್ಲಿ ೧೩೯೯ ರಲ್ಲಿ ಬರೆದು ಮುಗಿಸಿದ ಪ್ರತಿಯು ಉಳಿದಿದೆ. 'ಬಿಹಾರೀ' ಎಂದು ಕರೆಯುವ, ನಮ್ಮ ದೇಶದಲ್ಲಿಯ ವಿಶಿಷ್ಟ ಲಿಪಿಯು ಅದರದು. ಈ ಪ್ರತಿಗಳನ್ನು ನೋಡಲು ಅವಕಾಶವಿಲ್ಲದ ಕನ್ನಡಿಗರು ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳನ್ನು ನೋಡಬಹುದು. ೧೭ನೆಯ ಶತಮಾನದ ಆ ಕಟ್ಟಡದಲ್ಲಿ ಕುರಾನಿನ ವಾಕ್ಯಗಳನ್ನು ಪಟ್ಟಿ, ಪದಕ, ಜಾಲಂದ್ರಗಳಾಗಿ ಕಲ್ಲಿನಲ್ಲಿ ಕಡೆದಿರುವ ರೀತಿಯು ಅಲಂಕೃತ ಪುಟದ ವಿನ್ಯಾಸಕ್ಕೆ ಸಮೀಪದ ಬಂಧು.

೮

ಈವರೆಗೆ ಹೇಳಿದುದರಿಂದ ಫಲಿತಾರ್ಥವೇನು? ಕುರಾನ್ ಪ್ರತಿಗಳ ಸ್ವರ್ಣಾಲಂಕಾರವು ಹಾರಕಟಕಗಳಂತೆ ಹೊರಗಿನದಲ್ಲ. ಗ್ರಂಥವನ್ನು ಅದರ ಕಾರ್ಯಕ್ಕೆ, ಎಂದರೆ ತಪ್ಪಿಲ್ಲದ ಪಾರಾಯಣಕ್ಕೆ, 'ಅಲಂ' ಎನ್ನಿಸುವಂತೆ ಮಾಡಿದ ಸಾಧನವದು. ವಿರೋಧಿಸಿದ ಹಸನರೂ ಒಪ್ಪಿದ ಗಜಾಲಿಯೂ ಬಯಸಿದ್ದು ಒಂದನ್ನೇ: ಮೂಲವು ಕೆಡಬಾರದು.

ಈ ಸಂಗತಿಯನ್ನು ಮರೆತುದರಿಂದ ಆದ ಹಾನಿಯು ಅಲ್ಪವಲ್ಲ. ಅಲಂಕಾರವನ್ನು ಬರಿಯ ಚಿತ್ರವೆಂದು ಎಣಿಸಿದ ಸಂಗ್ರಹಕಾರರೂ ವ್ಯಾಪಾರಿಗಳೂ ಗ್ರಂಥಗಳನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರಿದರು. ನೀಲ ಕುರಾನಿನ ಹಾಳೆಗಳು ಇಂದು ಟ್ಯೂನಿಸ್, ಡಬ್ಲಿನ್, ಬೋಸ್ಟನ್, ನ್ಯೂಯಾರ್ಕ್ ಮೊದಲಾದ ಎಡೆಗಳಲ್ಲಿ ಹರಿದುಹಂಚಿಹೋಗಿವೆ. ಓಲ್ಜೈತೂವಿಗಾಗಿ ಬಾಗ್ದಾದಿನಲ್ಲಿ ಬರೆದ ಪ್ರತಿಯ ಸಂಪುಟಗಳೂ ಲೈಪ್‌ಜಿಗ್, ಇಸ್ತಾಂಬುಲ್ ಮುಂತಾದ ಕಡೆಗಳಲ್ಲಿ ಚದುರಿವೆ. ಗಾಜಿನ ಚೌಕಟ್ಟಿನೊಳಗಿರುವ ಒಂಟಿ ಹಾಳೆಯಲ್ಲಿ ಹತ್ತರ ಪದಕವು ಹೊಳೆಯುತ್ತಿರುವುದು. ಆದರೆ ಅದು ಎಣಿಸಿದ ಹತ್ತು ವಾಕ್ಯಗಳು ಬೇರೊಂದು ಖಂಡದಲ್ಲಿರುವುವು. ಒಂದು ಬಿಂದುವೂ ಕಳೆಯದಿರಲೆಂದು ೧,೫೬,೦೫೧ ಬಿಂದುಗಳನ್ನು ಎಣಿಸಿದವರ ಪರಂಪರೆಗೆ ಸೇರಿದ ಗ್ರಂಥಗಳಿಗೆ ಈ ಗತಿ ಬಂದಿತು.

ನಮ್ಮವರು ಇದರಿಂದ ಕಲಿಯತಕ್ಕ ಪಾಠವೂ ಇದೆ. ಓಲೆಯ ಪ್ರತಿಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ನಾವು ಸಾಮಾನ್ಯವಾಗಿ ಪಾಠವನ್ನು ಮಾತ್ರ ಎತ್ತಿಕೊಂಡು, ಸಂಧಿಯ ಕೊನೆಯ ಹೂಗುರುತು, ಅಂಚಿನ ಅಂಕೆ, ಪದ್ಯಸಂಖ್ಯೆಯ ಮೊತ್ತ, ಲಿಪಿಕಾರನ ಪ್ರಾರ್ಥನಾವಾಕ್ಯ ಇವುಗಳನ್ನು ಬಿಟ್ಟುಬಿಡುತ್ತೇವೆ. ಅವು ಕಾವ್ಯವಲ್ಲ, ನಿಜ. ಆದರೆ ಕಾವ್ಯವು ನಮ್ಮವರೆಗೆ ಬಂದದ್ದು ಅವುಗಳ ಕಾವಲಿನಲ್ಲಿ. ಪ್ರತಿಗಳ ವರ್ಣನೆಯಲ್ಲಿ ಇವುಗಳಿಗೂ ಒಂದು ಪಂಕ್ತಿಯನ್ನು ಮೀಸಲಿಡುವುದು ಸಂಪಾದಕರ ಕರ್ತವ್ಯ. ಅವುಗಳನ್ನು ಓದುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅಧ್ಯಾಪಕರ ಕರ್ತವ್ಯ. ಹೊನ್ನಾಗಲಿ, ಮಸಿಯಾಗಲಿ, ಕಂಟದ ಗೀರಾಗಲಿ, ಮೂಲವನ್ನು ಕಾಯುವ ಗುರುತಿಗೆ ಬೆಲೆಯು ಒಂದೇ.